ಔಷಧಿ ಗಾಂಜಾ: ಕಾನೂನು ಬೇಡ ಅಂದಿಲ್ಲ, ಲೈಸೆನ್ಸ್ ಕೊಡೋರು ಯಾರು?

"ಗಾಂಜಾ ಲೀಗಲ್ ಮಾಡಬೇಕಾ, ಬೇಡವಾ?" ಅನ್ನೋ ಚರ್ಚೆ ನಮ್ಮಲ್ಲಿ ಆಗಾಗ ಎದ್ದು ಕೂರುತ್ತೆ. ಯಾರಾದರೂ ಸಿನಿಮಾದವರ ಮನೆ ಮೇಲೆ ದಾಳಿ ಆದಾಗ, ಇಲ್ಲಾ ಯಾವುದೋ ದೇಶ ತನ್ನ ಕಾನೂನು ಬದಲಿಸಿದಾಗ. ಒಂದು ಕಡೆಯವರು "ಶಿವನ ಪ್ರಸಾದ" ಅಂತಾರೆ, ಇನ್ನೊಂದು ಕಡೆಯವರು "ಹುಡುಗರು ಹಾಳಾಗ್ತಾರೆ" ಅಂತಾರೆ. ಎರಡು ದಿನ ಕಿತ್ತಾಡಿ ಎಲ್ಲರೂ ಮುಂದಿನ ವಿಷಯಕ್ಕೆ ಹೋಗ್ತಾರೆ.

ಈ ಗಲಾಟೆಯಲ್ಲಿ ಒಂದು ಸಂಗತಿ ಕಳೆದುಹೋಗುತ್ತೆ. ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಗೆ ಗಾಂಜಾ ಬೇಡ ಅಂತ ಭಾರತದ ಕಾನೂನು ಹೇಳಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ ಒಳಗೇ ಅದಕ್ಕೆ ಅವಕಾಶ ಇದೆ. ಇಲ್ಲದಿರೋದು ಆ ಅವಕಾಶ ಬಳಸಿಕೊಳ್ಳುವ ದಾರಿ. ಅರ್ಜಿ ಯಾರಿಗೆ ಕೊಡಬೇಕು, ಯಾವ ಷರತ್ತಿನ ಮೇಲೆ, ಎಷ್ಟು ದಿನದಲ್ಲಿ ಉತ್ತರ ಸಿಗಬೇಕು ಅನ್ನೋದು ಬಹುತೇಕ ರಾಜ್ಯಗಳಲ್ಲಿ ಯಾರಿಗೂ ಸ್ಪಷ್ಟವಾಗಿಲ್ಲ. ಹೀಗಾಗಿ ಸಂಶೋಧನೆ ಕುಂಟುತ್ತಿದೆ, ಪುರಾವೆ ಇಲ್ಲದ ಎಣ್ಣೆ ಬಾಟಲಿಗಳ ಮಾರುಕಟ್ಟೆ ಓಡುತ್ತಿದೆ. ಎರಡರ ನಡುವೆ ಸಿಕ್ಕಿಕೊಂಡಿರೋದು ರೋಗಿ.

ಗಿಡದಿಂದ ಹಿಡಿದು ಲೈಸೆನ್ಸ್‌ವರೆಗೆ ಈ ವಿಷಯದಲ್ಲಿ ನೀವು ತಿಳಿದಿರಬೇಕಾದದ್ದು ಇಲ್ಲಿದೆ.

ಒಂದೇ ಗಿಡ, ನಾಲ್ಕು ಹೆಸರು

ಎಲ್ಲವೂ ಬರೋದು ಕ್ಯಾನಬಿಸ್ ಅನ್ನೋ ಒಂದೇ ಗಿಡದಿಂದ. ಕಾನೂನು ನೋಡೋದು ಗಿಡದ ಯಾವ ಭಾಗ ಅಂತ.

ಗಾಂಜಾ: ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜವನ್ನು ಕಾಯ್ದೆ ಈ ವ್ಯಾಖ್ಯೆಯಿಂದ ಹೊರಗಿಟ್ಟಿದೆ.

ಚರಸ್: ಗಿಡದಿಂದ ಬೇರ್ಪಡಿಸಿದ ಅಂಟು. ಕಚ್ಚಾ ಇರಲಿ, ಶುದ್ಧೀಕರಿಸಿದ್ದಿರಲಿ, ಹಶೀಶ್ ಎಣ್ಣೆ ರೂಪದಲ್ಲಿರಲಿ, ಎಲ್ಲವೂ ಚರಸ್ಸೇ.

ಭಂಗಿ: ಎಲೆ. ಇದು ಎನ್‌ಡಿಪಿಎಸ್ ವ್ಯಾಖ್ಯೆಯಲ್ಲಿ ಇಲ್ಲ. ರಾಜ್ಯಗಳು ಇದನ್ನು ತಮ್ಮ ಅಬಕಾರಿ ಕಾನೂನಿನ ಅಡಿ ನೋಡಿಕೊಳ್ಳುತ್ತವೆ. ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರಿ ಪರವಾನಗಿಯ ಭಂಗಿ ಅಂಗಡಿಗಳಿರೋದು ಇದಕ್ಕೇ.

ಹೆಂಪ್: ಇದೇ ಜಾತಿಯ ಗಿಡ, ಆದರೆ ಅಮಲಿನ ಅಂಶ ತೀರಾ ಕಮ್ಮಿ ಇರುವ ತಳಿ. ನಾರು, ಬೀಜ, ಬೀಜದ ಎಣ್ಣೆಗಾಗಿ ಬೆಳೆಯುತ್ತಾರೆ.

ಇನ್ನು ರಸಾಯನದ ಲೆಕ್ಕ. ಗಿಡದಲ್ಲಿ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡ್‌ಗಳಿವೆ. ಮುಖ್ಯವಾದವು ಎರಡು: ಅಮಲೇರಿಸುವ ಟಿಎಚ್‌ಸಿ, ಅಮಲೇರಿಸದ ಸಿಬಿಡಿ. ಟಿಎಚ್‌ಸಿಯನ್ನು ಇಸ್ರೇಲಿನ ರಾಫೆಲ್ ಮೆಕೌಲಂ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಬೇರ್ಪಡಿಸಿ ಅದರ ರಚನೆ ತಿಳಿಸಿದರು. ಇದು ಮೆದುಳಿನ ಸಿಬಿ1 ಎಂಬ ಗ್ರಾಹಕದ ಮೇಲೆ ಕೂರುತ್ತೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ದೇಹವೇ ತಯಾರಿಸುವ, ಅದೇ ಗ್ರಾಹಕಕ್ಕೆ ಹೊಂದುವ ವಸ್ತು 1992ರಲ್ಲಿ ಸಿಕ್ಕಾಗ ಮೆಕೌಲಂ ತಂಡ ಅದಕ್ಕೆ ಸಂಸ್ಕೃತದ ಆನಂದದಿಂದ 'ಆನಂದಮೈಡ್' ಅಂತ ಹೆಸರಿಟ್ಟಿತು. ಹೆಸರು ನಮ್ಮದು, ಸಂಶೋಧನೆ ಬೇರೆಯವರದು.

ಕಾಯ್ದೆಯಲ್ಲಿ ನಿಜವಾಗಿ ಏನಿದೆ?

ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಔಷಧಿ ಗಾಂಜಾ ವಿಷಯದಲ್ಲಿ ಓದಬೇಕಾದ ಸೆಕ್ಷನ್‌ಗಳು ಇವು.

ಸೆಕ್ಷನ್ 8 ಬೆಳೆಯೋದು, ತಯಾರಿಸೋದು, ಇಟ್ಟುಕೊಳ್ಳೋದು, ಮಾರೋದು ಎಲ್ಲವನ್ನೂ ನಿಷೇಧಿಸುತ್ತೆ. ಆದರೆ ಅದೇ ವಾಕ್ಯದಲ್ಲಿ "ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ ಹೊರತುಪಡಿಸಿ" ಅಂತ ಇದೆ. ಅದಕ್ಕೂ ಕಾಯ್ದೆ, ನಿಯಮ, ಲೈಸೆನ್ಸ್ ಹೇಳಿದ ರೀತಿಯಲ್ಲೇ ನಡೆಯಬೇಕು ಅನ್ನೋ ಷರತ್ತಿದೆ.

ಸೆಕ್ಷನ್ 10 ಕ್ಯಾನಬಿಸ್ ಗಿಡ ಬೆಳೆಯಲು, ಗಾಂಜಾ ಉತ್ಪಾದಿಸಲು, ಸಾಗಿಸಲು, ಇಟ್ಟುಕೊಳ್ಳಲು ಅನುಮತಿ ಕೊಡುವ ಮತ್ತು ನಿಯಂತ್ರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಡುತ್ತೆ. ಚರಸ್‌ಗೆ ಮಾತ್ರ ಈ ಅಧಿಕಾರ ಇಲ್ಲ. ದಿಲ್ಲಿ ಕಡೆ ಕೈ ತೋರಿಸೋ ಮೊದಲು ಈ ಸೆಕ್ಷನ್ ಓದಬೇಕು.

ಸೆಕ್ಷನ್ 14 ನಾರು, ಬೀಜ ಮತ್ತು ತೋಟಗಾರಿಕೆ ಉದ್ದೇಶಕ್ಕೆ ಗಿಡ ಬೆಳೆಯಲು ಸರ್ಕಾರ ಆದೇಶದ ಮೂಲಕ ಅವಕಾಶ ಕೊಡಬಹುದು ಅನ್ನುತ್ತೆ. ಹೆಂಪ್ ಕೃಷಿಯ ಮಾತು ಬಂದಾಗಲೆಲ್ಲ ಕೇಳಿಬರುವ ಸೆಕ್ಷನ್ ಇದು.

ಸೆಕ್ಷನ್ 9 ಕೇಂದ್ರದ್ದು. ಕ್ಯಾನಬಿಸ್‌ನಿಂದ ತೆಗೆದ ಸಾರ ಅಥವಾ ಟಿಂಕ್ಚರ್ ಅನ್ನು ಕಾಯ್ದೆ "ಔಷಧೀಯ ಕ್ಯಾನಬಿಸ್" ಅಂತ ಕರೆದು "ತಯಾರಿತ ಮಾದಕವಸ್ತು"ಗಳ ಪಟ್ಟಿಗೆ ಸೇರಿಸಿದೆ. ಅದರ ತಯಾರಿಕೆಯ ಮೇಲಿನ ನಿಯಂತ್ರಣ ಕೇಂದ್ರದ ಕೈಯಲ್ಲಿದೆ. ಗಿಡ ರಾಜ್ಯದ್ದು, ಗಿಡದಿಂದ ತೆಗೆದ ಸಾರ ಕೇಂದ್ರದ್ದು. ಶುದ್ಧ ಟಿಎಚ್‌ಸಿ ಮತ್ತೆ ಬೇರೆಯೇ ಪಟ್ಟಿಯಲ್ಲಿ, ಸೈಕೋಟ್ರೋಪಿಕ್ ವಸ್ತುಗಳ ಜೊತೆ ಇದೆ.

ಸೆಕ್ಷನ್ 20 ಶಿಕ್ಷೆಯದ್ದು. ಗಾಂಜಾದಲ್ಲಿ 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಚರಸ್‌ನಲ್ಲಿ ಇದು 100 ಗ್ರಾಂ ಮತ್ತು 1 ಕೆ.ಜಿ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಜೈಲು. ಅದರ ಮೇಲೆ ಸೆಕ್ಷನ್ 37 ಜಾಮೀನನ್ನೂ ಕಷ್ಟ ಮಾಡಿಟ್ಟಿದೆ.

ಈಗ ಒಬ್ಬ ಕೃಷಿ ವಿಜ್ಞಾನಿಯ ಜಾಗದಲ್ಲಿ ನಿಂತು ಯೋಚನೆ ಮಾಡಿ. ಅರ್ಧ ಎಕರೆ ಪ್ರಾಯೋಗಿಕ ತಾಕಿನಲ್ಲಿ ಒಣ ಹೂವು 20 ಕೆ.ಜಿ. ದಾಟೋದು ದೊಡ್ಡ ವಿಷಯವೇ ಅಲ್ಲ. ಕೈಯಲ್ಲಿರೋ ಲೈಸೆನ್ಸ್‌ನಲ್ಲಿ ಒಂದು ಪದ ಅಸ್ಪಷ್ಟವಾಗಿದ್ದರೂ, ನವೀಕರಣ ಒಂದು ತಿಂಗಳು ತಡವಾದರೂ ಅವರ ಮೇಲೆ ಬೀಳಬಹುದಾದ ಸೆಕ್ಷನ್, ಟ್ರಕ್‌ನಲ್ಲಿ ಗಾಂಜಾ ಸಾಗಿಸಿ ಸಿಕ್ಕಿಬಿದ್ದವನ ಮೇಲೆ ಬೀಳುವ ಸೆಕ್ಷನ್ನೇ. ಇಂಥ ರಿಸ್ಕ್ ಇದ್ದಾಗ ಯಾವ ಪ್ರೊಫೆಸರ್ ತಾನೇ ಪ್ರಾಜೆಕ್ಟ್ ಬರೆಯೋಕೆ ಕೂರ್ತಾರೆ?

ಭಂಗಿ ಯಾಕೆ ಹೊರಗುಳಿಯಿತು?

ಇದಕ್ಕೆ ಇತಿಹಾಸ ಇದೆ. ಬ್ರಿಟಿಷ್ ಸರ್ಕಾರ 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಿಸಿತು. ಅದು 1,193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ವರದಿ ಕೊಟ್ಟಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿ ಬಳಕೆಯಿಂದ ಇದೆ, ಪೂರ್ತಿ ನಿಷೇಧಕ್ಕಿಂತ ಲೈಸೆನ್ಸ್ ಮತ್ತು ತೆರಿಗೆಯ ನಿಯಂತ್ರಣವೇ ಸರಿ ಅನ್ನೋದು ಅದರ ತಿರುಳು.

ಮುಂದೆ 1961ರಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ ಬಂತು. ವೈದ್ಯಕೀಯವಲ್ಲದ ಬಳಕೆಯನ್ನು 25 ವರ್ಷದೊಳಗೆ ನಿಲ್ಲಿಸಬೇಕು ಅನ್ನೋ ಗಡುವು ಅದರಲ್ಲಿತ್ತು. ಆದರೆ ಆ ಒಪ್ಪಂದದ ವ್ಯಾಖ್ಯೆಯಲ್ಲೂ ಬರೀ ಎಲೆ ಮತ್ತು ಬೀಜ ಸೇರಿಲ್ಲ. ನಮ್ಮ 1985ರ ಕಾಯ್ದೆಯೂ ಅದೇ ಸಾಲನ್ನು ಹಿಡಿಯಿತು.

ಇದರ ಪರಿಣಾಮ ನಮ್ಮ ಹೈಕೋರ್ಟಿನಲ್ಲೂ ಕಾಣಿಸಿದೆ. 2022ರಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ ಪೊಲೀಸರು 29 ಕೆ.ಜಿ. ಭಂಗಿ ಮತ್ತು 400 ಗ್ರಾಂ ಗಾಂಜಾ ಹಿಡಿದಿದ್ದರು. ಭಂಗಿಯನ್ನು ಚರಸ್ ಅಥವಾ ಗಾಂಜಾದಿಂದ ಮಾಡಿದ್ದು ಅಂತ ತೋರಿಸುವ ವೈಜ್ಞಾನಿಕ ಪುರಾವೆ ಇಲ್ಲದೆ ಅದನ್ನು ಎನ್‌ಡಿಪಿಎಸ್ ಅಡಿ ತರಲಾಗದು ಅಂತ ಅಭಿಪ್ರಾಯಪಟ್ಟ ಕರ್ನಾಟಕ ಹೈಕೋರ್ಟ್ ಆರೋಪಿಗೆ ಜಾಮೀನು ಕೊಟ್ಟಿತು. ಗಾಂಜಾ 1 ಕೆ.ಜಿ.ಗಿಂತ ಕಮ್ಮಿ, ಅಂದ್ರೆ ಸಣ್ಣ ಪ್ರಮಾಣ. ನೆನಪಿಡಿ, ಇದು ಜಾಮೀನು ಆದೇಶ. ಭಂಗಿಗೆ ಬಿಡುಗಡೆ ಪತ್ರ ಅಲ್ಲ.

ಔಷಧಿ ಅನ್ನೋದಕ್ಕೆ ಪುರಾವೆ ಎಷ್ಟಿದೆ?

ಪಾಶ್ಚಾತ್ಯ ವೈದ್ಯಕ್ಕೆ ಈ ಗಿಡದ ಪರಿಚಯ ಆದದ್ದೇ ಭಾರತದಿಂದ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಓಶಾನೆಸ್ಸಿ 1839ರಲ್ಲಿ ಧನುರ್ವಾಯು, ಸಂಧಿವಾತ ಮತ್ತು ಒಂದು ಎಳೆ ಮಗುವಿನ ಸೆಳೆತದ ಮೇಲೆ ಇದನ್ನು ಪ್ರಯೋಗಿಸಿ ನೋಡಿದ್ದನ್ನು ಬರೆದರು. ಇವತ್ತಿಗೂ ಅತ್ಯಂತ ಗಟ್ಟಿ ಪುರಾವೆ ಇರೋದು ಅದೇ ದಿಕ್ಕಿನಲ್ಲಿ, ಮಕ್ಕಳ ಫಿಟ್ಸ್ ಕಾಯಿಲೆಯಲ್ಲಿ.

ಡ್ರಾವೆ ಸಿಂಡ್ರೋಮ್ ಅಂತ ಒಂದು ಅಪರೂಪದ ಅಪಸ್ಮಾರ ಇದೆ. ಹುಟ್ಟಿದ ಮೊದಲ ವರ್ಷದಲ್ಲೇ ಶುರುವಾಗುತ್ತೆ, ಮಾಮೂಲಿ ಔಷಧಿಗಳಿಗೆ ಬಗ್ಗೋದಿಲ್ಲ. ಈ ಕಾಯಿಲೆ ಇದ್ದ 120 ಮಕ್ಕಳು ಮತ್ತು ಯುವಜನರ ಮೇಲೆ ಶುದ್ಧ ಸಿಬಿಡಿ ಪ್ರಯೋಗಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸಿಬಿಡಿ ತೆಗೆದುಕೊಂಡ ಗುಂಪಿನಲ್ಲಿ ತಿಂಗಳಿಗೆ 12.4 ಇದ್ದ ಸೆಳೆತಗಳ ಮಧ್ಯಮಾನ 5.9ಕ್ಕೆ ಇಳಿಯಿತು. ಡಮ್ಮಿ ಔಷಧಿಯ ಗುಂಪಿನಲ್ಲಿ 14.9 ಇದ್ದದ್ದು 14.1ಕ್ಕೆ ಮಾತ್ರ ಬಂತು. ಇಂಥ ಅಧ್ಯಯನಗಳ ಆಧಾರದ ಮೇಲೆ ಅಮೆರಿಕದ ಎಫ್‌ಡಿಎ 2018ರ ಜೂನ್‌ನಲ್ಲಿ ಎಪಿಡಿಯೋಲೆಕ್ಸ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ಕ್ಯಾನಬಿಸ್ ಗಿಡದಿಂದ ಶುದ್ಧೀಕರಿಸಿದ ವಸ್ತುವಿಗೆ ಎಫ್‌ಡಿಎ ಕೊಟ್ಟ ಮೊದಲ ಒಪ್ಪಿಗೆ ಅದು.

ಉಳಿದ ಕಾಯಿಲೆಗಳಲ್ಲಿ ಚಿತ್ರ ಇಷ್ಟು ಸ್ಪಷ್ಟ ಇಲ್ಲ. ಅಮೆರಿಕದ ನ್ಯಾಷನಲ್ ಅಕಾಡೆಮಿಗಳು 2017ರ ಜನವರಿಯಲ್ಲಿ ಕೊಟ್ಟ ದೊಡ್ಡ ವರದಿ ಮೂರು ಕಡೆ ಸಾಕಷ್ಟು ಪುರಾವೆ ಇದೆ ಅಂದಿತು: ದೊಡ್ಡವರ ದೀರ್ಘಕಾಲದ ನೋವು, ಕೀಮೋ ನಂತರದ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯು ಬಿಗಿತ. ಆದರೆ ನೋವು ತಜ್ಞರ ಅಂತರರಾಷ್ಟ್ರೀಯ ಸಂಘ 2021ರಲ್ಲಿ, ನೋವಿಗೆ ಇದನ್ನು ಸಾಮಾನ್ಯವಾಗಿ ಶಿಫಾರಸು ಮಾಡುವಷ್ಟು ಗುಣಮಟ್ಟದ ಪುರಾವೆ ಇಲ್ಲ ಅಂತ ಹೇಳಿತು. ಟಿಎಚ್‌ಸಿ ಹೆಚ್ಚಿರುವ ಗಾಂಜಾದ ನಿರಂತರ ಬಳಕೆಗೂ ಮನೋವಿಕಾರಕ್ಕೂ ನಂಟಿದೆ ಅನ್ನೋದೂ ಅದೇ ಅಕಾಡೆಮಿ ವರದಿಯಲ್ಲಿದೆ. "ಕ್ಯಾನ್ಸರ್ ವಾಸಿ ಮಾಡುತ್ತೆ" ಅನ್ನೋ ಫಾರ್ವರ್ಡ್‌ಗಳಿಗೆ ಇದರಲ್ಲಿ ಯಾವ ಆಧಾರವೂ ಇಲ್ಲ.

ತಜ್ಞರೇ ಒಪ್ಪದ ಕಡೆ ಬೇಕಾಗೋದು ಇನ್ನಷ್ಟು ಟ್ರಯಲ್‌ಗಳು. ಟ್ರಯಲ್‌ಗೆ ಬೇಕಾಗೋದು ಲೈಸೆನ್ಸ್.

ಸಂಶೋಧಕರು ದಾಟಬೇಕಾದ ಬಾಗಿಲುಗಳು

ಬೆಂಗಳೂರಿನ ಒಂದು ಸಂಸ್ಥೆ ಇಲ್ಲಿಯದೇ ತಳಿಯಿಂದ ಔಷಧಿ ಮಾಡಿ ರೋಗಿಗಳ ಮೇಲೆ ಪರೀಕ್ಷಿಸಬೇಕು ಅಂದುಕೊಳ್ಳಿ. ಕಾಗದದ ಮೇಲೆ ದಾರಿ ಹೀಗಿದೆ.

ಮೊದಲನೆಯದು ಗಿಡ. ಬೆಳೆಯಲು ಸೆಕ್ಷನ್ 10ರ ಅಡಿ ರಾಜ್ಯದ ಅನುಮತಿ ಬೇಕು. ಅಬಕಾರಿ, ಗೃಹ, ಕೃಷಿ ಇಲಾಖೆಗಳ ಒಪ್ಪಿಗೆ ಇಲ್ಲದೆ ಇದು ಮುಂದಕ್ಕೆ ಹೋಗೋದಿಲ್ಲ.

ಎರಡನೆಯದು ಸಾರ. ಹೂವಿನಿಂದ ಸಾರ ತೆಗೆದ ಕೂಡಲೇ ಅದು ತಯಾರಿತ ಮಾದಕವಸ್ತು ಆಗುತ್ತೆ. ಈಗ ಕೇಂದ್ರದ ನಿಯಮ.

ಮೂರನೆಯದು ಮನುಷ್ಯರ ಮೇಲಿನ ಪರೀಕ್ಷೆ. ಇದಕ್ಕೆ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ನೈತಿಕ ಸಮಿತಿಯ ಒಪ್ಪಿಗೆ, ಆಮೇಲೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ. ಗಿಡಮೂಲಿಕೆಯಿಂದ ಆಧುನಿಕ ಔಷಧಿ ಮಾಡೋರಿಗಾಗಿ 2015ರಲ್ಲೇ 'ಫೈಟೋಫಾರ್ಮಾಸ್ಯೂಟಿಕಲ್' ಅನ್ನೋ ಪ್ರತ್ಯೇಕ ವರ್ಗವನ್ನೂ ಮಾಡಲಾಗಿದೆ. ಶುದ್ಧೀಕರಿಸಿ ಪ್ರಮಾಣೀಕರಿಸಿದ ಸಾರ ಆಗಿರಬೇಕು, ಕನಿಷ್ಠ ನಾಲ್ಕು ಘಟಕಗಳನ್ನು ಅಳೆದು ತೋರಿಸಬೇಕು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಮೂರನೇ ಬಾಗಿಲಿಗೆ ಗಡಿಯಾರ ಇದೆ. ಭಾರತದಲ್ಲೇ ಅಭಿವೃದ್ಧಿಪಡಿಸಿದ ಔಷಧಿಯ ಟ್ರಯಲ್ ಅರ್ಜಿಗೆ 30 ಕೆಲಸದ ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ ಅಂತ 2019ರ ನಿಯಮ ಹೇಳುತ್ತೆ. ಮೊದಲನೇ ಬಾಗಿಲಿಗೆ ಎನ್‌ಡಿಪಿಎಸ್ ಕಾಯ್ದೆ ಯಾವ ಗಡುವೂ ಇಟ್ಟಿಲ್ಲ. ಫೈಲು ಮೇಜಿನ ಮೇಲೆ ವರ್ಷಗಟ್ಟಲೆ ಕೂತರೂ ಯಾರೂ ತಪ್ಪಿತಸ್ಥರಲ್ಲ. ಸಾಲಾಗಿ ಜೋಡಿಸಿದ ಯಾವುದೇ ಸಿಸ್ಟಮ್‌ನ ವೇಗ ಅದರ ಅತಿ ನಿಧಾನದ ಭಾಗದ ವೇಗವೇ. ಇಂಜಿನಿಯರಿಂಗ್ ಓದಿದ ಯಾರನ್ನು ಕೇಳಿದರೂ ಇದನ್ನೇ ಹೇಳ್ತಾರೆ.

ಪಕ್ಕದ ಬಾಗಿಲು: ಆಯುರ್ವೇದ

ಮುಂಬಾಗಿಲು ಇಷ್ಟು ಬಿಗಿ ಇರುವಾಗ ಆನ್‌ಲೈನ್‌ನಲ್ಲಿ ಗಾಂಜಾ ಎಣ್ಣೆ ಹೇಗೆ ಸಿಗುತ್ತೆ ಅಂತ ಕೇಳಬಹುದು. ಉತ್ತರ ಆಯುರ್ವೇದದಲ್ಲಿದೆ. ಅಲ್ಲಿ ಈ ಗಿಡಕ್ಕೆ 'ವಿಜಯಾ' ಅಂತ ಹೆಸರು. ಔಷಧ ನಿಯಮಗಳ ಇ-1 ಪಟ್ಟಿಯಲ್ಲಿ, ಅಂದ್ರೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕಾದ ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿ ಭಂಗಿ ಇದೆ. ಎಲೆ ಎನ್‌ಡಿಪಿಎಸ್‌ನಿಂದ ಹೊರಗಿರೋದರಿಂದ ರಾಜ್ಯದ ಆಯುಷ್ ಲೈಸೆನ್ಸ್ ಪಡೆದು ಎಲೆಯ ಸಾರದ ಉತ್ಪನ್ನ ಮಾಡಬಹುದು ಅನ್ನೋದು ಕಂಪನಿಗಳ ವಾದ. 2020ರ ಆರಂಭದಲ್ಲಿ ಕೋರಮಂಗಲದಲ್ಲಿ ತೆರೆದ ಕ್ಲಿನಿಕ್ 'ದೇಶದ ಮೊದಲ ಗಾಂಜಾ ಕ್ಲಿನಿಕ್' ಅಂತ ಸುದ್ದಿಯಾಗಿದ್ದೂ ಇದೇ ದಾರಿಯಲ್ಲಿ.

ವಾದ ಕಾಗದದ ಮೇಲೆ ಸರಿ ಕಾಣುತ್ತೆ. ಆದರೆ ಚರಸ್‌ನ ವ್ಯಾಖ್ಯೆಯನ್ನು ಮತ್ತೊಮ್ಮೆ ಓದಿ: "ಕ್ಯಾನಬಿಸ್ ಗಿಡದಿಂದ" ಬೇರ್ಪಡಿಸಿದ ಅಂಟು. ಹೂವಿನಿಂದ ಮಾತ್ರ ಅಂತ ಅಲ್ಲಿಲ್ಲ. ಎಲೆಯ ಸಾರ ಎಲ್ಲಿ ಮುಗಿದು ಅಂಟು ಎಲ್ಲಿ ಶುರುವಾಗುತ್ತೆ ಅನ್ನೋದು ಲ್ಯಾಬಿನ ಪ್ರಶ್ನೆ, ಕಾನೂನಿನಲ್ಲಿ ಅದಕ್ಕೆ ಗೆರೆ ಎಳೆದಿಲ್ಲ.

ರೋಗಿಗೆ ಇದಕ್ಕಿಂತ ದೊಡ್ಡ ತೊಂದರೆ ಡೋಸ್‌ನದ್ದು. ಆ ಡ್ರಾವೆ ಅಧ್ಯಯನದಲ್ಲಿ ಕೊಟ್ಟದ್ದು ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 20 ಮಿ.ಗ್ರಾಂ. 20 ಕೆ.ಜಿ. ತೂಕದ ಮಗುವಿಗೆ ದಿನಕ್ಕೆ 400 ಮಿ.ಗ್ರಾಂ, ತಿಂಗಳಿಗೆ 12 ಗ್ರಾಂ ಶುದ್ಧ ಸಿಬಿಡಿ ಆಯ್ತು. ಒಂದು ಬಾಟಲಿಯಲ್ಲಿ ಒಟ್ಟು 1,000 ಮಿ.ಗ್ರಾಂ ಸಿಬಿಡಿ ಇದ್ದರೆ ಅದು ಎರಡೂವರೆ ದಿನಕ್ಕೆ ಖಾಲಿ. ಹಾಗಾಗಿ "ನಾಲಿಗೆ ಕೆಳಗೆ ನಾಲ್ಕು ಹನಿ" ಅನ್ನೋದಕ್ಕೂ ಟ್ರಯಲ್‌ನಲ್ಲಿ ಕೆಲಸ ಮಾಡಿದ ಔಷಧಿಗೂ ಹೋಲಿಕೆಯೇ ಇಲ್ಲ.

ಬಾಟಲಿಯ ಮೇಲೆ ಬರೆದದ್ದು ಒಳಗಿರುತ್ತೆ ಅನ್ನೋ ಖಾತ್ರಿಯೂ ಬೇಕಲ್ವಾ? ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ ಲೇಬಲ್‌ಗೆ ಸರಿಹೊಂದಿದ್ದು 26 ಮಾತ್ರ. 18ರಲ್ಲಿ ಟಿಎಚ್‌ಸಿ ಇತ್ತು. ಇಂಥ ಪರೀಕ್ಷೆ ನಮ್ಮ ಮಾರುಕಟ್ಟೆಯಲ್ಲೂ ನಿಯಮಿತವಾಗಿ ನಡೆಯಬೇಕು, ಫಲಿತಾಂಶ ಎಲ್ಲರಿಗೂ ಸಿಗಬೇಕು. ಇನ್ನೊಂದು ಮಾತು: ಸಿಬಿಡಿ ಯಕೃತ್ತಿನ ಮೇಲೆ ಪರಿಣಾಮ ಬೀರಬಹುದು, ವಾಲ್ಪ್ರೋಯೇಟ್, ಕ್ಲೋಬಜಾಮ್‌ನಂಥ ಫಿಟ್ಸ್ ಔಷಧಿಗಳ ಜೊತೆ ಸೇರಿ ತೊಂದರೆ ಮಾಡಬಹುದು. ನರರೋಗ ತಜ್ಞರಿಗೆ ತಿಳಿಸದೆ ಮಕ್ಕಳಿಗೆ ಕೊಡಲೇಬಾರದು.

ಇದರ ಜೊತೆ ಹೆಂಪ್ ಬೀಜವನ್ನು ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಎಫ್‌ಎಸ್‌ಎಸ್‌ಎಐ 2021ರ ನವೆಂಬರ್‌ನಲ್ಲಿ ಆಹಾರ ಅಂತ ಒಪ್ಪಿದೆ, ಟಿಎಚ್‌ಸಿಗೆ ಕಟ್ಟುನಿಟ್ಟಿನ ಮಿತಿ ಇಟ್ಟು. ಅದು ಆಹಾರ ಅಷ್ಟೆ, ಔಷಧಿ ಅಲ್ಲ.

ಯಾರು ಎಲ್ಲಿಗೆ ಬಂದಿದ್ದಾರೆ?

ಉತ್ತರಾಖಂಡ 2018ರಲ್ಲಿ ಹೆಂಪ್ ಕೃಷಿಗೆ ಲೈಸೆನ್ಸ್ ಕೊಟ್ಟ ಮೊದಲ ರಾಜ್ಯ. ಷರತ್ತು: ಟಿಎಚ್‌ಸಿ ಶೇ. 0.3ರ ಒಳಗಿರಬೇಕು. ಈ 0.3 ಎಲ್ಲಿಂದ ಬಂತು ಗೊತ್ತಾ? ಕೆನಡಾದ ಸಸ್ಯವಿಜ್ಞಾನಿ ಅರ್ನೆಸ್ಟ್ ಸ್ಮಾಲ್ ಮತ್ತು ಸಹಲೇಖಕರು 1976ರಲ್ಲಿ ತಳಿಗಳನ್ನು ವಿಂಗಡಿಸಲು ಅನುಕೂಲಕ್ಕೆ ಎಳೆದ ಗೆರೆ ಅದು. ಇವತ್ತು ಜಗತ್ತಿನ ಅನೇಕ ಕಾನೂನುಗಳಲ್ಲಿ ಕೂತಿದೆ. ಬಿಸಿಲು, ಎತ್ತರ, ತಳಿ ಬದಲಾದ ಹಾಗೆ ಟಿಎಚ್‌ಸಿಯೂ ಬದಲಾಗುತ್ತೆ, ಗೆರೆ ದಾಟಿದ ಬೆಳೆ ರೈತನ ತಲೆಗೆ ಬರುತ್ತೆ.

ಹಿಮಾಚಲ ಪ್ರದೇಶದಲ್ಲಿ ಕಂದಾಯ ಸಚಿವ ಜಗತ್ ಸಿಂಗ್ ನೇಗಿ ನೇತೃತ್ವದ ಸಮಿತಿಯ ವರದಿಯನ್ನು ವಿಧಾನಸಭೆ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. 2025ರ ಜನವರಿಯಲ್ಲಿ ಪಾಲಂಪುರದ ಕೃಷಿ ವಿವಿ ಮತ್ತು ನೌನಿಯ ತೋಟಗಾರಿಕೆ ವಿವಿ ಮೂಲಕ ನಿಯಂತ್ರಿತ ಕೃಷಿಯ ಪ್ರಾಯೋಗಿಕ ಅಧ್ಯಯನಕ್ಕೆ ಸಂಪುಟ ಒಪ್ಪಿಗೆ ಕೊಟ್ಟಿತು.

ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆ ಐಐಐಎಂ, ಕೆನಡಾದ ಕಂಪನಿಯೊಂದರ ಸಹಭಾಗಿತ್ವದಲ್ಲಿ ಚಠಾದ ತನ್ನ ಕಾವಲಿನ ತೋಟದಲ್ಲಿ ಕ್ಯಾನಬಿಸ್ ಬೆಳೆದು ಔಷಧಿ ಸಂಶೋಧನೆ ನಡೆಸುತ್ತಿದೆ. ನರಸಂಬಂಧಿ ನೋವು, ಕ್ಯಾನ್ಸರ್, ಅಪಸ್ಮಾರಕ್ಕೆ ರಫ್ತು ಗುಣಮಟ್ಟದ ಔಷಧಿ ಮಾಡೋದು ಗುರಿ ಅಂತ ಕೇಂದ್ರ ಸಚಿವ ಜಿತೇಂದ್ರ ಸಿಂಗ್ 2023ರ ಆಗಸ್ಟ್‌ನಲ್ಲಿ ಹೇಳಿದ್ದರು.

ಅಂತರರಾಷ್ಟ್ರೀಯ ಅಡ್ಡಿಯೂ ಮೊದಲಿನಷ್ಟಿಲ್ಲ. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಕ್ಯಾನಬಿಸ್ ಅನ್ನು ಅತಿ ಅಪಾಯಕಾರಿ ವಸ್ತುಗಳ ನಾಲ್ಕನೇ ಪಟ್ಟಿಯಿಂದ ತೆಗೆಯಿತು. 27 ಮತ ಪರ, 25 ವಿರುದ್ಧ. ಪರವಾಗಿ ಮತ ಹಾಕಿದವರಲ್ಲಿ ಭಾರತವೂ ಇತ್ತು. ಮೊದಲನೇ ಪಟ್ಟಿಯಲ್ಲಿ ಅದು ಈಗಲೂ ಇರೋದರಿಂದ ನಿಯಂತ್ರಣ ಹೋಗಿಲ್ಲ. ವೈದ್ಯಕೀಯ ಉಪಯೋಗ ಇದೆ ಅನ್ನೋದನ್ನು ಒಪ್ಪಿದಂತಾಯಿತು.

ಮಾರ್ಫಿನ್ ಕಲಿಸಿದ ಪಾಠ

"ಲೈಸೆನ್ಸ್ ಸ್ವಲ್ಪ ತಡವಾದರೆ ಏನಾಯ್ತು?" ಅನ್ನೋರಿಗೆ ಮಾರ್ಫಿನ್ ಕಥೆ ಹೇಳಬೇಕು. ಭಾರತ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರಿಗೆ ಗ್ವಾಲಿಯರ್‌ನ ಕೇಂದ್ರೀಯ ನಾರ್ಕೋಟಿಕ್ಸ್ ಬ್ಯೂರೋ ಲೈಸೆನ್ಸ್ ಕೊಡುತ್ತೆ. ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರಿ ಅಫೀಮು ಕಾರ್ಖಾನೆಗಳಿವೆ. ಗಾಂಜಾಗಿಂತ ಎಷ್ಟೋ ಅಪಾಯಕಾರಿ ಬೆಳೆಯನ್ನು ತಲೆಮಾರುಗಳಿಂದ ಅಳೆದು ತೂಗಿ ನಿಭಾಯಿಸುತ್ತಿರುವ ದೇಶ ನಮ್ಮದು.

ಇಂಥ ದೇಶದಲ್ಲೇ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗದಂತಾಯಿತು. ಎನ್‌ಡಿಪಿಎಸ್ ಕಾಯ್ದೆ ವೈದ್ಯಕೀಯ ಬಳಕೆಗೆ ಬೇಡ ಅಂದಿರಲಿಲ್ಲ. ಆದರೆ ಒಂದು ಆಸ್ಪತ್ರೆ ಬೇರೆ ಬೇರೆ ಕಚೇರಿಗಳಿಂದ ನಾಲ್ಕೈದು ಲೈಸೆನ್ಸ್ ತರಬೇಕಿತ್ತು, ಎಲ್ಲವೂ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು, ಎಡವಿದರೆ ಜೈಲು. ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ದೇಶದ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿದು 1997ರಲ್ಲಿ 18 ಕೆ.ಜಿ.ಗೆ ಬಂತು. ಇಡೀ ದೇಶಕ್ಕೆ 18 ಕೆ.ಜಿ.

ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥ ಉಪಶಾಮಕ ಚಿಕಿತ್ಸೆಯ ವೈದ್ಯರು ವರ್ಷಗಟ್ಟಲೆ ಬೆನ್ನು ಹತ್ತಿದರು. ಕೇಂದ್ರ 1998ರಲ್ಲಿ ಮಾದರಿ ನಿಯಮ ಕಳಿಸಿತು, ಬಹಳ ರಾಜ್ಯಗಳು ಅದನ್ನು ಪಕ್ಕಕ್ಕಿಟ್ಟವು. ಕೊನೆಗೆ 2014ರಲ್ಲಿ ಕಾಯ್ದೆಗೇ ತಿದ್ದುಪಡಿ ಬಂತು. 'ಅತ್ಯಾವಶ್ಯಕ ಮಾದಕ ಔಷಧಿ' ಅನ್ನೋ ಹೊಸ ವರ್ಗ ಬಂತು, 2015ರಲ್ಲಿ ಮಾರ್ಫಿನ್ ಸೇರಿ ಆರು ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ, ರಾಜ್ಯದ ಔಷಧ ನಿಯಂತ್ರಕರ ಒಂದೇ ಕಿಟಕಿ. ಜೊತೆಗೆ ಸೆಕ್ಷನ್ 4ರಲ್ಲಿ ಹೊಸ ಮಾತು ಸೇರಿತು: ದುರ್ಬಳಕೆ ತಡೆಯೋದಷ್ಟೇ ಅಲ್ಲ, ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆ ಖಾತ್ರಿಪಡಿಸೋದೂ ಸರ್ಕಾರದ ಕೆಲಸ.

ಈ ಮಾತು ಕ್ಯಾನಬಿಸ್‌ಗೂ ಅನ್ವಯಿಸುತ್ತೆ. ಆದರೆ ಅದರ ಸ್ಥಿತಿ ಇವತ್ತು 2014ಕ್ಕೆ ಮೊದಲಿನ ಮಾರ್ಫಿನ್‌ನಂತಿದೆ. ಒಂದು ಮುಖ್ಯ ವ್ಯತ್ಯಾಸ ಇದೆ: ಮಾರ್ಫಿನ್ ಕೆಲಸ ಮಾಡುತ್ತೆ ಅಂತ ಸಾಬೀತಾಗಿತ್ತು, ಕ್ಯಾನಬಿಸ್‌ನ ಬಹುತೇಕ ಉಪಯೋಗಗಳು ಇನ್ನೂ ಸಾಬೀತಾಗಬೇಕು. ಹಾಗಾಗಿ ಇಲ್ಲಿ ಮೊದಲು ತೆರೆಯಬೇಕಾದ ಕಿಟಕಿ ಮಾರಾಟದ್ದಲ್ಲ, ಸಂಶೋಧನೆಯದ್ದು.

ಬೇರೆಯವರು ಎಡವಿದ್ದು ಎಲ್ಲಿ?

ಅಮೆರಿಕದಲ್ಲಿ 1968ರಿಂದ ಅರ್ಧ ಶತಮಾನ ಸಂಶೋಧನೆಗೆ ಗಾಂಜಾ ಬೆಳೆಯುವ ಫೆಡರಲ್ ಅನುಮತಿ ಇದ್ದದ್ದು ಮಿಸ್ಸಿಸ್ಸಿಪ್ಪಿ ವಿವಿಗೆ ಮಾತ್ರ. ರಾಜ್ಯಗಳ ಅಂಗಡಿಗಳಲ್ಲಿ ಜನ ಕೊಳ್ಳುತ್ತಿದ್ದ ಮಾಲೇ ಬೇರೆ, ವಿಜ್ಞಾನಿಗಳ ಕೈಗೆ ಸಿಗುತ್ತಿದ್ದ ಮಾಲೇ ಬೇರೆ. 2021ರಲ್ಲಿ ಬೇರೆ ಬೆಳೆಗಾರರಿಗೂ ಅನುಮತಿ ಸಿಗತೊಡಗಿತು, 2022ರ ಡಿಸೆಂಬರ್‌ನಲ್ಲಿ ಸಂಶೋಧನೆ ಸುಲಭ ಮಾಡುವ ಪ್ರತ್ಯೇಕ ಕಾನೂನು ಬಂತು. ಮಾರುಕಟ್ಟೆ ಮುಂದೆ, ವಿಜ್ಞಾನ ಹಿಂದೆ ಅನ್ನೋ ಸ್ಥಿತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಬ್ರಿಟನ್ 2018ರ ನವೆಂಬರ್ 1ರಿಂದ ತಜ್ಞ ವೈದ್ಯರಿಗೆ ಬರೆದುಕೊಡುವ ಅವಕಾಶ ಕೊಟ್ಟಿತು. ಪುರಾವೆ ಸಾಲದು ಅಂತ ಸರ್ಕಾರಿ ಆರೋಗ್ಯ ಸೇವೆಯ ವೈದ್ಯರು ಬರೆಯೋದು ತೀರಾ ಕಮ್ಮಿ, ಖಾಸಗಿ ಕ್ಲಿನಿಕ್‌ಗಳು ಬೆಳೆದವು. ದುಡ್ಡಿದ್ದವರಿಗೆ ಔಷಧಿ, ಇಲ್ಲದವರಿಗೆ ಕಾಯುವಿಕೆ.

ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ಪಟ್ಟಿಯಿಂದ ತೆಗೆದಾಗ ಅದನ್ನು ನಿಯಂತ್ರಿಸುವ ಕಾನೂನೇ ಸಿದ್ಧ ಇರಲಿಲ್ಲ. ಬೀದಿಗೊಂದು ಅಂಗಡಿ ಎದ್ದವು. 2025ರ ಜೂನ್‌ನಲ್ಲಿ ಮತ್ತೆ ವೈದ್ಯರ ಚೀಟಿ ಕಡ್ಡಾಯ ಮಾಡಬೇಕಾಯಿತು.

ಕರ್ನಾಟಕ ಏನು ಮಾಡಬಹುದು?

ಅಪಸ್ಮಾರ ಮತ್ತು ವ್ಯಸನ ಎರಡಕ್ಕೂ ಚಿಕಿತ್ಸೆ ಕೊಡುವ ನಿಮ್ಹಾನ್ಸ್ ಇಲ್ಲಿದೆ. ಲಾಭ ನಷ್ಟ ಎರಡನ್ನೂ ಒಂದೇ ಆವರಣದಲ್ಲಿ ಅಳೆಯಬಲ್ಲ ಇಂಥ ಸಂಸ್ಥೆ ಸಿಗೋದು ಅಪರೂಪ. ಕ್ಯಾನ್ಸರ್‌ಗೆ ಕಿದ್ವಾಯಿ ಇದೆ, ತಳಿ ಸಂಶೋಧನೆಗೆ ಜಿಕೆವಿಕೆ ಇದೆ. ಸೆಕ್ಷನ್ 10ರ ಅಧಿಕಾರ ವಿಧಾನಸೌಧದಲ್ಲಿದೆ. ಸಂಸತ್ತಿನ ತಿದ್ದುಪಡಿಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸಗಳು ಇವು:

1. ಸಂಶೋಧನೆಗೆ ಮಾತ್ರ ಅನ್ವಯಿಸುವ ಲೈಸೆನ್ಸ್ ನಿಯಮ. ಯಾರು ಅರ್ಜಿ ಹಾಕಬಹುದು, ಎಷ್ಟು ಗಿಡ, ಯಾವ ಕಾವಲು, ಉಳಿದದ್ದನ್ನು ಹೇಗೆ ನಾಶ ಮಾಡಬೇಕು, ಎಲ್ಲವೂ ಬರಹದಲ್ಲಿರಬೇಕು.

2. ಒಂದೇ ಕಿಟಕಿ ಮತ್ತು ಗಡುವು. ಅಬಕಾರಿ, ಗೃಹ, ಕೃಷಿ, ಆಯುಷ್, ಔಷಧ ನಿಯಂತ್ರಣ ಒಟ್ಟಿಗೆ ಕೂತು ಹೌದು ಅಥವಾ ಇಲ್ಲ ಅನ್ನಬೇಕು. ಇಲ್ಲ ಅಂದರೆ ಕಾರಣ ಬರೆಯಬೇಕು.

3. ಲೈಸೆನ್ಸ್ ಇರುವ ಸಂಶೋಧಕರ ಕಾಗದಪತ್ರದ ಲೋಪಕ್ಕೆ ಮೊದಲು ನೋಟಿಸ್, ತಿದ್ದಿಕೊಳ್ಳಲು ಸಮಯ ಅಂತ ಲೈಸೆನ್ಸ್ ಷರತ್ತಿನಲ್ಲೇ ಇರಬೇಕು. ಮಾಲು ಹೊರಗೆ ಹೋದರೆ ಮಾತ್ರ ಪೊಲೀಸ್ ಕೇಸ್.

4. ರಾಜ್ಯದಲ್ಲಿ ಮಾರಾಟವಾಗುವ ಪ್ರತಿ ವಿಜಯಾ ಉತ್ಪನ್ನದ ಬ್ಯಾಚ್ ಪರೀಕ್ಷೆ. ಟಿಎಚ್‌ಸಿ, ಸಿಬಿಡಿ ಪ್ರಮಾಣ ಸಾರ್ವಜನಿಕವಾಗಿ ಸಿಗಬೇಕು.

5. ಎಷ್ಟು ಅರ್ಜಿ ಬಂತು, ಎಷ್ಟು ಬಾಕಿ, ಎಷ್ಟು ತಿರಸ್ಕೃತ ಅನ್ನೋ ಪಟ್ಟಿ ವೆಬ್‌ಸೈಟ್‌ನಲ್ಲಿ.

ಇದರಲ್ಲಿ ಯಾವುದೂ ಗಾಂಜಾ ಸೇದೋದನ್ನು ಸಕ್ರಮ ಮಾಡೋದಿಲ್ಲ. ಸೇದುವವರನ್ನು ಜೈಲಿಗೆ ಹಾಕಬೇಕಾ ಅನ್ನೋದು ಬೇರೆ ಚರ್ಚೆ, ಅದೂ ಬೇಕು. ಆದರೆ ಅದು ಮುಗಿಯೋವರೆಗೆ ಮಗುವಿನ ಫಿಟ್ಸ್ ಕಾಯೋದಿಲ್ಲ. ಬೇಲಿ ಹಾಕದೆ ಬಿಟ್ಟ ಮಾರುಕಟ್ಟೆಯೂ ಕಾಯೋದಿಲ್ಲ, ಅದು ಆಗಲೇ ನಿಮ್ಮ ಫೋನಿನ ಜಾಹೀರಾತಿನವರೆಗೆ ಬಂದಿದೆ.

ಮುಂದಿನ ಸಲ ನಿಮ್ಮ ಶಾಸಕರು ಸಿಕ್ಕಾಗ ಗಾಂಜಾ ಪರವೋ ವಿರುದ್ಧವೋ ಅಂತ ಕೇಳಬೇಡಿ. ಸೆಕ್ಷನ್ 10ರ ಅಡಿ ಸಂಶೋಧನೆಗೆ ಕರ್ನಾಟಕದಲ್ಲಿ ಅರ್ಜಿ ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅದನ್ನು ಸದನದಲ್ಲಿ ಪ್ರಶ್ನೆಯಾಗಿ ಎತ್ತೋಕೆ ಹೇಳಿ.